ಆ ಬಾಗಿದ ಬೆನ್ನಿನ ಚಿತ್ರ ಬದಲಿಸಿ

ಮಾನ್ಯ ಸಂಪಾದಕರೇ,

ನಮಸ್ಕಾರ. ಕಳೆದ ಭಾನುವಾರ ನಿಮ್ಮ ಮಕ್ಕಳ ಪುಟದಲ್ಲಿ ಮನುಷ್ಯ ಹೇಗೆ ಬೆಳೆದು ಬಂದ ಎಂಬ ಬರಹ ಇತ್ತು. ಮಕ್ಕಳಿಗೆ ವಿಜ್ಞಾನ ಹೇಳುವ ಜಾಗ ಪತ್ರಿಕೆಗಳಲ್ಲಿ ಕಡಿಮೆಯಾಗುತ್ತಿರುವಾಗ ನೀವು ಅದನ್ನು ಉಳಿಸಿಕೊಂಡಿದ್ದೀರಿ. ಅದಕ್ಕೆ ಮೊದಲು ಥ್ಯಾಂಕ್ಸ್. ನನ್ನ ತಕರಾರು ಬರಹದ ಜೊತೆಗಿದ್ದ ಚಿತ್ರದ ಬಗ್ಗೆ. ಎಡತುದಿಯಲ್ಲಿ ಒಂದು ಮಂಗ. ಅದರ ಮುಂದೆ ಅರ್ಧ ಎದ್ದು ನಿಂತ ಇನ್ನೊಂದು. ಬಲತುದಿಯಲ್ಲಿ ನೆಟ್ಟಗೆ ನಡೆಯುವ ನಾವು. ನಮ್ಮ ಬೆನ್ನ ಹಿಂದೆಯೇ ಮೊಣಕಾಲು ಮಡಚಿ, ಕತ್ತು ಮುಂದೆ ಚಾಚಿ, ಕೈ ಜೋತುಬಿಟ್ಟುಕೊಂಡ ಒಬ್ಬ. ಅವನ ಕೆಳಗೆ ‘ನಿಯಾಂಡರ್ತಲ್: ಬೆನ್ನು ಬಾಗಿತ್ತು, ಬುದ್ಧಿ ಕಡಿಮೆ ಇತ್ತು’ ಅಂತ ಬರೆದಿತ್ತು. ನಿಯಾಂಡರ್ತಲ್ ಅಂದರೆ ಸುಮಾರು 40,000 ವರ್ಷದ ಹಿಂದೆ ಅಳಿದುಹೋದ ಇನ್ನೊಂದು ಮನುಷ್ಯ ಕುಲ.

ನಾನು ದಾವಣಗೆರೆಯಲ್ಲಿ ಫಿಸಿಯೋಥೆರಪಿಸ್ಟ್. ಸೊಂಟ ಹಿಡಿದುಕೊಂಡವರು, ಮಂಡಿ ಸವೆದವರು, ಲಕ್ವ ಹೊಡೆದು ಒಂದು ಕಡೆ ಬಿದ್ದುಹೋದವರು, ಇವರ ಜೊತೆಗೇ ನನ್ನ ದಿನ ಕಳೆಯುತ್ತದೆ. ಕಾಯುವವರಿಗಾಗಿ ಬೆಂಚಿನ ಮೇಲೆ ನಿಮ್ಮ ಪತ್ರಿಕೆ ಇಟ್ಟಿರುತ್ತೇನೆ. ಸೋಮವಾರ ಒಬ್ಬ ಹುಡುಗ ತನ್ನ ಅಜ್ಜಿಯನ್ನು ಕರೆದುಕೊಂಡು ಬಂದಿದ್ದ. ಅಜ್ಜಿಗೆ ಎರಡೂ ಮಂಡಿ ಸವೆದಿವೆ. ಬೆನ್ನು ಬಾಗಿದೆ. ಕತ್ತು ಎತ್ತಿ ಮುಖ ನೋಡುವುದೂ ಕಷ್ಟ. ಹುಡುಗ ಆ ಚಿತ್ರ ತೋರಿಸಿ, “ಅಜ್ಜಿ, ಇಲ್ನೋಡು, ನಿನ್ನಂಗೇ ಅದಾನ” ಅಂದ. ಅಜ್ಜಿ ನಕ್ಕರು. ಹುಡುಗ ತನಗೆ ಗೊತ್ತಿಲ್ಲದೆಯೇ ನಿಜ ಹೇಳಿದ್ದ. ನೀವು ಹಾಕಿದ ಚಿತ್ರ ಹುಟ್ಟಿದ್ದೇ ಕೀಲು ಸವೆದ ಒಬ್ಬ ಮುದುಕನ ಎಲುಬುಗಳಿಂದ.

ಆ ಮುದುಕ ಸಿಕ್ಕಿದ್ದು 1908ರ ಆಗಸ್ಟ್‌ನಲ್ಲಿ. ಫ್ರಾನ್ಸಿನ ಲಾ ಶಾಪೆಲ್-ಒ-ಸೇನ್ ಎಂಬ ಹಳ್ಳಿಯ ಚಿಕ್ಕ ಗುಹೆಯಲ್ಲಿ, ಒಂದು ಗುಂಡಿಯೊಳಗೆ. ಬುಯಿಸೋನಿ ಸೋದರರು ಅಗೆದು ತೆಗೆದ ಆ ಎಲುಬುಗಳು ಪ್ಯಾರಿಸಿಗೆ, ಮಾರ್ಸೆಲಾಂ ಬೂಲ್ ಎಂಬ ದೊಡ್ಡ ವಿದ್ವಾಂಸರ ಕೈಗೆ ಹೋದವು. ಅಷ್ಟು ಪೂರ್ತಿಯಾದ ನಿಯಾಂಡರ್ತಲ್ ಅಸ್ಥಿಪಂಜರ ಆಗಿನ ಕಾಲಕ್ಕೆ ಅಪರೂಪ. 1911ರಿಂದ 1913ರವರೆಗೆ ಬೂಲ್ ದೊಡ್ಡ ವರದಿಯನ್ನೇ ಬರೆದರು. ಇವನಿಗೆ ಮೊಣಕಾಲು ಪೂರ್ತಿ ನೀಡಲು ಬರುತ್ತಿರಲಿಲ್ಲ, ತಲೆ ಮುಂದಕ್ಕೆ ಜೋತಿತ್ತು, ಕಾಲಿನ ಹೆಬ್ಬೆರಳು ಮಂಗಗಳ ಹಾಗೆ ಪಕ್ಕಕ್ಕೆ ಸರಿದಿತ್ತು ಎಂದರು. ದೊಡ್ಡವರು ಹೇಳಿದ ಮೇಲೆ ಮುಗಿಯಿತಲ್ಲ, ಎಲ್ಲರೂ ನಂಬಿದರು. ವರದಿ ಬರುವ ಮೊದಲೇ, 1909ರಲ್ಲಿ, ಪ್ಯಾರಿಸಿನ ಒಂದು ಸಚಿತ್ರ ವಾರಪತ್ರಿಕೆ ಮೈತುಂಬಾ ಕೂದಲಿದ್ದು ದೊಣ್ಣೆ ಹಿಡಿದ ಮೃಗದ ಹಾಗೆ ಅವನ ಚಿತ್ರ ಅಚ್ಚು ಹಾಕಿಬಿಟ್ಟಿತ್ತು. ಅಂದರೆ ಈ ಚಿತ್ರವನ್ನು ಊರಿಗೆಲ್ಲ ಹರಡಿದ್ದರಲ್ಲಿ ಪತ್ರಿಕೆಗಳ ಕೈಯೂ ಇದೆ. ನಿಮಗೇ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಆ ಎಲುಬುಗಳನ್ನು ನನ್ನ ಕಸುಬಿನ ಕಣ್ಣಿನಿಂದ ನೋಡಿ. ಕತ್ತಿನ ಮಣಿಗಳು ಸವೆದಿವೆ. ಬೆನ್ನಿನ ಮಣಿಗಳು ಸವೆದಿವೆ. ಎಡಗಡೆ ಸೊಂಟದ ಕೀಲು ಹಾಳಾಗಿದೆ. ದವಡೆ ಹಲ್ಲುಗಳು ಬಹುಪಾಲು ಉದುರಿ, ಆ ಜಾಗದ ಮೂಳೆ ಕರಗಿ ಮುಚ್ಚಿಕೊಂಡಿದೆ. ಇಂಥ ಎಕ್ಸ್‌ರೇ ಹಿಡಿದುಕೊಂಡು ಯಾರಾದರೂ ನನ್ನ ಹತ್ತಿರ ಬಂದರೆ, ಅವರು ಯಾವ ಜಾತಿಯ ಪ್ರಾಣಿ ಅಂತ ನಾನು ಯೋಚಿಸುವುದಿಲ್ಲ. ಬಿಸಿ ಶಾಖ ಕೊಡುತ್ತೇನೆ, ಕೋಲು ಹಿಡಿದು ನಡೆಯುವುದು ಕಲಿಸುತ್ತೇನೆ. ಒಬ್ಬ ರೋಗಿಯ ಮೈಕಟ್ಟು ನೋಡಿ ಅವನ ಇಡೀ ಕುಲಕ್ಕೆ ತೀರ್ಪು ಕೊಡುವುದು ಎಂಥ ಅನ್ಯಾಯ!

1957ರಲ್ಲಿ ವಿಲಿಯಂ ಸ್ಟ್ರಾಸ್ ಮತ್ತು ಎ.ಜೆ.ಇ. ಕೇವ್ ಎಂಬ ಇಬ್ಬರು ಅಂಗರಚನಾ ತಜ್ಞರು ಆ ಎಲುಬುಗಳನ್ನು ಮತ್ತೆ ನೋಡಿದರು. ಸವೆತ ಅವರಿಗೆ ಎದ್ದು ಕಂಡಿತು. ಇವನಿಗೆ ಸ್ನಾನ ಮಾಡಿಸಿ, ಗಡ್ಡ ತೆಗೆದು, ಈಗಿನ ಬಟ್ಟೆ ತೊಡಿಸಿ ನ್ಯೂಯಾರ್ಕಿನ ನೆಲದಡಿ ರೈಲಿಗೆ ಹತ್ತಿಸಿದರೆ ಯಾರೂ ತಿರುಗಿ ನೋಡಲಿಕ್ಕಿಲ್ಲ ಎಂಬ ಅರ್ಥದ ಮಾತು ಬರೆದರು. 2019ರಲ್ಲಿ ಜೂರಿಕ್ ವಿಶ್ವವಿದ್ಯಾಲಯದವರ ತಂಡ ಅವನ ಬೆನ್ನು ಮತ್ತು ಸೊಂಟವನ್ನು ಕಂಪ್ಯೂಟರಿನಲ್ಲಿ ಜೋಡಿಸಿ ನೋಡಿತು. ಅವರು ಕಂಡಿದ್ದು ನನಗೆ ತುಂಬ ಖುಷಿ ಕೊಟ್ಟಿತು. ನಮ್ಮ ಸೊಂಟದ ಹತ್ತಿರ ಬೆನ್ನು ಒಳಗೆ ಬಾಗಿ ಒಂದು ಕುಳಿ ಇರುತ್ತದೆ ಅಲ್ವಾ, ನಾವು ಎರಡು ಕಾಲ ಮೇಲೆ ನೆಟ್ಟಗೆ ನಿಲ್ಲಲು ಅದು ಬೇಕು. ಆ ಬಾಗು ಜಾಸ್ತಿ ಇದ್ದವರಿಗೆ ವಯಸ್ಸಾದಾಗ ಮಣಿಗಳ ಹಿಂಬದಿಯ ಮುಳ್ಳುಗಳು ಒಂದಕ್ಕೊಂದು ತಾಗಿ ಸವೆಯುತ್ತವೆ. ಆ ಸವೆತದ ಗುರುತು ಮುದುಕನ ಸೊಂಟದ ಮಣಿಗಳಲ್ಲಿ ಇತ್ತು. ಅಂದರೆ ಅವನ ಬೆನ್ನಿಗೂ ನಮ್ಮಂಥದೇ ಬಾಗು ಇತ್ತು. ಅವನು ನೆಟ್ಟಗೇ ನಿಲ್ಲುತ್ತಿದ್ದ. ಯಾವ ರೋಗವನ್ನು ಹಿಡಿದು ಅವನನ್ನು ಮೃಗ ಅಂದಿದ್ದರೋ, ಆ ರೋಗವೇ ಕೊನೆಗೆ ಅವನ ಪರವಾಗಿ ಸಾಕ್ಷಿ ಹೇಳಿತು.

ಇನ್ನು ಆ ಸಾಲು. ನಿಯಾಂಡರ್ತಲರೇ ಬದಲಾಗುತ್ತಾ ಬದಲಾಗುತ್ತಾ ನಾವಾದೆವು ಅನ್ನುವ ಹಾಗೆ ಅವರನ್ನು ನಮ್ಮ ಹಿಂದೆ ನಿಲ್ಲಿಸುವುದು ತಪ್ಪು. 5 ಲಕ್ಷ ವರ್ಷಕ್ಕೂ ಹಿಂದೆ ಇದ್ದ ಒಂದೇ ಮೂಲದಿಂದ ಎರಡು ಕವಲು ಒಡೆದವು. ಒಂದು ಯುರೋಪ್ ಮತ್ತು ಪಶ್ಚಿಮ ಏಷ್ಯಾದ ಚಳಿಯಲ್ಲಿ ಬೆಳೆದು ಸೈಬೀರಿಯಾದ ಅಲ್ತಾಯ್ ಬೆಟ್ಟಗಳವರೆಗೆ ಹೋಯಿತು. ಇನ್ನೊಂದು, ಅಂದರೆ ನಮ್ಮದು, ಆಫ್ರಿಕಾದಲ್ಲಿ ಬೆಳೆಯಿತು. ಅವರು ನಮಗೆ ಅಜ್ಜ ಮುತ್ತಜ್ಜರ ಸಾಲಿನವರಲ್ಲ, ದಾಯಾದಿಗಳು. ಆಮೇಲೆ ನಮ್ಮವರು ಆಫ್ರಿಕಾ ಬಿಟ್ಟು ಹೊರಗೆ ಬಂದಾಗ ಎರಡೂ ಕಡೆಯವರು ಕೂಡಿ ಮಕ್ಕಳಾದವು, ಹಾಗಾಗಿ ಬೀಗರೂ ಆದರು. ಇದು ನಾನು ಚಂದಕ್ಕೆ ಹೇಳುವ ಮಾತಲ್ಲ. ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸ್ವಾಂಟೆ ಪಾಬೊ ಮತ್ತು ಅವರ ಜೊತೆಗಾರರು ಕ್ರೊಯೇಷಿಯಾದ ವಿಂಡಿಯಾ ಗುಹೆಯ ಎಲುಬಿನ ಚೂರುಗಳಿಂದ ಡಿಎನ್‌ಎ ತೆಗೆದು ಓದಿ 2010ರಲ್ಲಿ ಇದನ್ನು ತೋರಿಸಿಕೊಟ್ಟರು. 2022ರಲ್ಲಿ ಪಾಬೊ ಅವರಿಗೆ ನೊಬೆಲ್ ಬಂತು. ಆಫ್ರಿಕಾದ ಹೊರಗೆ ಬೇರು ಇರುವ ಪ್ರತಿಯೊಬ್ಬರ ಡಿಎನ್‌ಎಯಲ್ಲಿ ಸುಮಾರು ನೂರಕ್ಕೆ ಒಂದರಿಂದ ಎರಡು ಪಾಲು ಅವರದು. ನಿಮ್ಮದರಲ್ಲೂ ಇದೆ, ನನ್ನದರಲ್ಲೂ ಇದೆ, ಆ ಅಜ್ಜಿಯದರಲ್ಲೂ ಇದೆ.

‘ಬುದ್ಧಿ ಕಡಿಮೆ’ ಎಂಬ ಮಾತಿಗೆ ಬರುತ್ತೇನೆ. ಲಾ ಶಾಪೆಲ್‌ನ ಮುದುಕನ ತಲೆಬುರುಡೆಯಲ್ಲಿ ಮೆದುಳಿನ ಜಾಗ 1600 ಸಿಸಿ ಆಸುಪಾಸು. ಈಗಿನವರ ಸರಾಸರಿಗಿಂತ ಜಾಸ್ತಿಯೇ. ಮೆದುಳು ದೊಡ್ಡದಿದ್ದ ಮಾತ್ರಕ್ಕೆ ಬುದ್ಧಿ ಜಾಸ್ತಿ ಅಂತ ಹೇಳಲಾಗದು, ಒಪ್ಪುತ್ತೇನೆ. ಆದರೆ ಅವರು ಮಾಡಿದ ಕೆಲಸ ನೋಡಿ. ಬರ್ಚ್ ಮರದ ತೊಗಟೆ ಸುಟ್ಟು ಅಂಟು ಇಳಿಸಿ, ಕಲ್ಲಿನ ಅಲಗನ್ನು ಹಿಡಿಗೆ ಅಂಟಿಸುತ್ತಿದ್ದರು. ಫ್ರಾನ್ಸಿನ ಬ್ರುನಿಕೆಲ್ ಗುಹೆಯಲ್ಲಿ ಬಾಗಿಲಿನಿಂದ 300 ಮೀಟರ್‌ಗೂ ಒಳಗೆ, ಬೆಳಕೇ ಇಲ್ಲದ ಕಡೆ, ಸುಣ್ಣಕಲ್ಲಿನ ಕಂಬಗಳನ್ನು ಮುರಿದು ದುಂಡಗೆ ಜೋಡಿಸಿದ್ದಾರೆ. ಸುಮಾರು 1,76,000 ವರ್ಷ ಹಿಂದಿನ ಮಾತು ಅದು. ನಮ್ಮ ಕುಲದವರು ಯುರೋಪಿನಲ್ಲಿ ನೆಲೆ ಊರುವುದಕ್ಕಿಂತ ಎಷ್ಟೋ ಮೊದಲು.

ನನಗೆ ಇವೆಲ್ಲಕ್ಕಿಂತ ಹತ್ತಿರವಾದದ್ದು ಅಡುಗೆಯ ಸಂಗತಿ. ಇರಾಕಿನ ಕುರ್ದಿಸ್ತಾನದ ಶಾನಿದಾರ್ ಗುಹೆಯ ಒಲೆಗಳಲ್ಲಿ ಕರಕಲಾದ ಊಟದ ಚೂರು ಸಿಕ್ಕಿವೆ. ಸುಮಾರು 70,000 ವರ್ಷ ಹಳೆಯವು. ಅವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದವರು 2022ರಲ್ಲಿ ಬರೆದಿದ್ದಾರೆ: ಕಾಡು ಕಾಳುಗಳನ್ನು ನೀರಲ್ಲಿ ನೆನೆಸಿ, ಜಜ್ಜಿ, ಬೇರೆ ಬೀಜಗಳ ಜೊತೆ ಸೇರಿಸಿ ಬೇಯಿಸಿದ ಗುರುತು ಅವುಗಳಲ್ಲಿದೆ. ಕಾಡು ಕಾಳು ಕಹಿ ಇರುತ್ತದೆ. ನೆನೆಸಿದರೆ ಕಹಿ ಇಳಿಯುತ್ತದೆ ಅಂತ ಯಾರೋ ಕಂಡುಕೊಂಡು, ಅದನ್ನು ಇನ್ನೊಬ್ಬರಿಗೆ ಹೇಳಿಕೊಟ್ಟಿರಬೇಕು. ರಾತ್ರಿ ಕಾಳು ನೆನೆಹಾಕಿ ಮಲಗುವ ನಮ್ಮ ಮನೆಗಳಲ್ಲಿ ಇದಕ್ಕೆ ಜಾಸ್ತಿ ವಿವರಣೆ ಬೇಕಿಲ್ಲ.

ಅದೇ ಶಾನಿದಾರ್ ಗುಹೆಯಲ್ಲಿ 1957ರಲ್ಲಿ ರಾಲ್ಫ್ ಸೊಲೆಕಿ ಎಂಬ ಅಮೆರಿಕದ ಪುರಾತತ್ವಜ್ಞ ಒಬ್ಬ ಗಂಡಸಿನ ಅಸ್ಥಿಪಂಜರ ತೆಗೆದರು. ಅವನನ್ನು ಈಗ ಶಾನಿದಾರ್-1 ಅಂತ ಕರೆಯುತ್ತಾರೆ. ನಿಮ್ಮ ಪುಟದಲ್ಲಿ ಬರಬೇಕಾದ ನಿಯಾಂಡರ್ತಲ್ ಯಾರಾದರೂ ಇದ್ದರೆ ಇವನೇ ಅನ್ನಿಸುತ್ತದೆ ನನಗೆ. ಎಡಗಣ್ಣಿನ ಹತ್ತಿರ ಬಲವಾದ ಪೆಟ್ಟು ಬಿದ್ದು ಮೂಳೆ ಒಡೆದಿದೆ. ಆ ಕಣ್ಣು ಹೋಗಿರಬಹುದು. ಬಲಗೈ ಸೊರಗಿ ಕಡ್ಡಿಯಾಗಿದೆ, ಮೊಣಕೈ ಕೆಳಗಿನ ಭಾಗವೇ ಇಲ್ಲ. ಬಲಗಾಲಿಗೂ ಪೆಟ್ಟಾಗಿ ಕುಂಟುತ್ತಿದ್ದ. 2017ರ ಒಂದು ಅಧ್ಯಯನದ ಪ್ರಕಾರ ಕಿವಿಯೊಳಗೆ ಮೂಳೆ ಬೆಳೆದು ಅವನಿಗೆ ಸರಿಯಾಗಿ ಕೇಳಿಸುತ್ತಲೂ ಇರಲಿಲ್ಲ. ಇಷ್ಟೆಲ್ಲ ಆದ ಮೇಲೂ ಅವನು ವರ್ಷಗಟ್ಟಲೆ ಬದುಕಿದ್ದಾನೆ. ಮೂಳೆಗಳು ಕೂಡಿಕೊಂಡಿರುವ ರೀತಿಯೇ ಅದನ್ನು ಹೇಳುತ್ತದೆ. ಸತ್ತಾಗ ವಯಸ್ಸು 40ರ ಆಸುಪಾಸು ಇರಬಹುದು. ಆ ಕಾಲಕ್ಕೆ ಅದು ಮುಪ್ಪು.

ಒಂದು ಕೈ ಬಿದ್ದುಹೋದವರು ಊಟದ ತಟ್ಟೆ ಎಳೆದುಕೊಳ್ಳಲು ಪಡುವ ಪಾಡನ್ನು ನಾನು ದಿನಾ ನೋಡುತ್ತೇನೆ. ಒಂದು ಗುಂಡಿ ಹಾಕಿಕೊಳ್ಳಲೂ ಇನ್ನೊಬ್ಬರು ಬೇಕು. ಮನೆಯವರು ಬೇಸರ ಮಾಡಿಕೊಂಡರೆ ರೋಗಿ ತಿಂಗಳಲ್ಲೇ ಕುಗ್ಗಿಹೋಗುತ್ತಾರೆ. ಮನೆಯವರು ಜೊತೆಗೆ ನಿಂತರೆ ಎಂಥ ಕೈಯಲ್ಲೂ ಏನಾದರೂ ಕೆಲಸ ಬರುತ್ತದೆ. ಚಿರತೆ ಕರಡಿಗಳ ಕಾಡಿನಲ್ಲಿ ಕಿವಿ ಮಂದವಾದ, ಒಂದೇ ಕೈಯ, ಕುಂಟುವ ಒಬ್ಬ ಒಂಟಿಯಾಗಿ ಉಳಿಯುವುದು ಸಾಧ್ಯವೇ ಇಲ್ಲ. ಅವನಿಗೆ ಯಾರೋ ಮಾಂಸ ಕೊಯ್ದು ಕೊಟ್ಟಿದ್ದಾರೆ. ಗುಂಪು ಬೇರೆ ಕಡೆ ಹೊರಟಾಗ ಯಾರೋ ಅವನ ನಡಿಗೆಗೆ ತಕ್ಕಂತೆ ನಿಧಾನ ಮಾಡಿದ್ದಾರೆ.

ಅವನೊಬ್ಬನೇ ಅಲ್ಲ. ಸ್ಪೇನಿನ ಕೋವಾ ನೆಗ್ರಾ ಗುಹೆಯಲ್ಲಿ ಸಿಕ್ಕಿದ ಒಂದು ಮಗುವಿನ ಕಿವಿಯ ಮೂಳೆಯ ಬಗ್ಗೆ 2024ರಲ್ಲಿ ಸಂಶೋಧಕರು ಬರೆದರು. ಒಳಕಿವಿಯ ಆಕಾರ ನೋಡಿದರೆ ಮಗುವಿಗೆ ಡೌನ್ ಸಿಂಡ್ರೋಮ್ ಇದ್ದ ಹಾಗಿದೆ. ಕೇಳಿಸುವುದು ಕಷ್ಟ, ತಲೆಸುತ್ತು ಬಂದು ಮೇಲಿಂದ ಮೇಲೆ ಬೀಳುವ ಮಗು. ಅದು ಕನಿಷ್ಠ 6 ವರ್ಷ ಬದುಕಿತ್ತು. ಡೌನ್ ಸಿಂಡ್ರೋಮ್ ಇರುವ ಮಕ್ಕಳು ನನ್ನ ಹತ್ತಿರವೂ ಬರುತ್ತಾರೆ. ಮೈಯ ಸ್ನಾಯುಗಳು ಸಡಿಲ ಇರುತ್ತವೆ. ಕುತ್ತಿಗೆ ನಿಲ್ಲುವುದು ತಡ, ಕೂರುವುದು ತಡ, ನಡೆಯುವುದು ತಡ. ಮೊಲೆ ಹೀರಲೂ ಶಕ್ತಿ ಸಾಲದ ಕೂಸುಗಳಿರುತ್ತವೆ. ಆ ತಾಯಂದಿರ ಸೊಂಟ ನೋವು ನನಗೆ ಗೊತ್ತು. ಅಂಥ ಮಗುವನ್ನು 6 ವರ್ಷ ಹೊತ್ತು ತಿರುಗಿದ ತಾಯಿಯನ್ನು, ಅವಳಿಗೆ ಹೆಗಲು ಕೊಟ್ಟ ಗುಂಪನ್ನು ಬುದ್ಧಿ ಕಡಿಮೆ ಇದ್ದವರು ಅಂತ ಹೇಗೆ ಬರೆಯುವುದು?

ಹಾಗಂತ ಅವರನ್ನು ದೇವರು ಮಾಡುವುದೂ ಬೇಡ. ಕಷ್ಟದ ಬಾಳು ಅವರದು. ಗುಂಪುಗಳು ಚಿಕ್ಕವು, ಒಂದರಿಂದ ಒಂದು ದೂರ. ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ ಸಿಕ್ಕಿದ ಒಬ್ಬ ಹೆಂಗಸಿನ ಕಾಲ್ಬೆರಳ ಮೂಳೆಯ ಡಿಎನ್‌ಎ ಓದಿದಾಗ, ಅವಳ ಅಪ್ಪ ಅಮ್ಮ ತುಂಬ ಹತ್ತಿರದ ರಕ್ತಸಂಬಂಧಿಗಳು ಅಂತ ಗೊತ್ತಾಯಿತು. ಒಬ್ಬಳೇ ತಾಯಿಗೆ ಬೇರೆ ಬೇರೆ ತಂದೆಯಿಂದ ಹುಟ್ಟಿದ ಅಣ್ಣ ತಂಗಿ ಕೂಡಿದರೆ, ಇಲ್ಲವೇ ಸೋದರಮಾವ ಅಕ್ಕನ ಮಗಳನ್ನೇ ಕಟ್ಟಿಕೊಂಡರೆ ಎಷ್ಟೋ, ಅಷ್ಟು ಹತ್ತಿರ. ಅಕ್ಕನ ಮಗಳನ್ನು ತಂದುಕೊಳ್ಳುವುದು ನಮ್ಮ ಕಡೆ ಇಂದಿಗೂ ನಿಂತಿಲ್ಲ. ಅದರ ಫಲವಾಗಿ ಸ್ನಾಯು ಕ್ಷೀಣಿಸುವ ಕಾಯಿಲೆ ಹೊತ್ತು ಬರುವ ಮಕ್ಕಳನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ. ನಿಯಾಂಡರ್ತಲರಿಗೆ ಬೇರೆ ದಾರಿ ಇರಲಿಲ್ಲವೇನೋ, ನಮಗೆ ಇದೆ. ಸುಮಾರು 40,000 ವರ್ಷದ ಹಿಂದೆ ಅವರು ಇಲ್ಲವಾಗಲು ಹೀಗೆ ಜನ ಕಡಿಮೆಯಿದ್ದದ್ದೂ ಒಂದು ಕಾರಣ ಎನ್ನುತ್ತಾರೆ. ಹವೆ ಬದಲಾಗಿದ್ದು, ನಮ್ಮವರು ಬಂದು ಅದೇ ಬೇಟೆಗೆ, ಅದೇ ನೆಲೆಗೆ ಪೈಪೋಟಿ ಕೊಟ್ಟಿದ್ದು ಇನ್ನೆರಡು.

ನಮ್ಮ ನಾಡಿಗೂ ಇದಕ್ಕೂ ಏನು ಸಂಬಂಧ ಅಂತ ಓದುಗರು ಕೇಳಬಹುದು. ಭಾರತದಲ್ಲಿ ಇವತ್ತಿನವರೆಗೆ ನಿಯಾಂಡರ್ತಲರ ಎಲುಬು ಸಿಕ್ಕಿಲ್ಲ. ಆದರೆ ಅವರ ಪಾಲು ನಮ್ಮ ಮೈಯಲ್ಲಿದೆ, ಅದೂ ಬೇರೆ ಬೇರೆ ತುಣುಕುಗಳಾಗಿ. 2025ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ 2,700ಕ್ಕೂ ಹೆಚ್ಚು ಭಾರತೀಯರ ಪೂರ್ತಿ ಡಿಎನ್‌ಎ ಓದಿದೆ. ಒಬ್ಬೊಬ್ಬರಲ್ಲಿ ಇರುವುದು ನೂರಕ್ಕೆ ಒಂದೆರಡು ಪಾಲೇ. ಆದರೆ ನನ್ನಲ್ಲಿರುವ ತುಣುಕು ನಿಮ್ಮಲ್ಲಿಲ್ಲ, ನಿಮ್ಮಲ್ಲಿರುವುದು ಅವರಲ್ಲಿಲ್ಲ. ಅಷ್ಟೂ ಜನರ ತುಣುಕು ಒಟ್ಟುಗೂಡಿಸಿದರೆ ನಿಯಾಂಡರ್ತಲ್ ಡಿಎನ್‌ಎಯ ಸುಮಾರು ಅರ್ಧ ಭಾಗ ಮತ್ತೆ ಸಿಗುತ್ತದಂತೆ. ಎಲುಬು ಇಲ್ಲದ ನಾಡಿನಲ್ಲಿ ಜೀವಂತ ಜನರೊಳಗೆ ಅರ್ಧ ಉಳಿದಿದ್ದಾರೆ ಅಂದರೆ ನನಗೆ ರೋಮಾಂಚನವಾಗುತ್ತದೆ.

ಕೋವಿಡ್ ಕಾಲದ ಒಂದು ಮಾತು ಹೇಳಲೇಬೇಕು. 2021ರಲ್ಲಿ ನಾನು ಕೋವಿಡ್ ವಾರ್ಡಿನಲ್ಲಿ ಕೆಲಸ ಮಾಡಿದೆ. ರೋಗಿಗಳನ್ನು ಬೋರಲು ಮಲಗಿಸುವುದು, ಕಫ ಹೊರಗೆ ಬರುವ ಹಾಗೆ ಬೆನ್ನು ತಟ್ಟುವುದು, ಉಸಿರಾಟದ ಅಭ್ಯಾಸ ಮಾಡಿಸುವುದು ನಮ್ಮ ಕೆಲಸ. ಒಂದೇ ಮನೆಯಲ್ಲಿ ಅಣ್ಣ ಹೋದ, ತಮ್ಮ ಉಳಿದ. ಯಾಕೆ ಹೀಗೆ ಅಂತ ಹೊರಗೆ ನಿಂತವರು ಕೇಳುತ್ತಿದ್ದರು. ಹ್ಯೂಗೊ ಸೆಬರ್ಗ್ ಎಂಬ ವಿಜ್ಞಾನಿ ಮತ್ತು ಪಾಬೊ 2020ರಲ್ಲೇ ಒಂದು ಸುಳಿವು ಕೊಟ್ಟಿದ್ದರು. ಮೂರನೇ ಕ್ರೋಮೋಸೋಮಿನಲ್ಲಿ (ಡಿಎನ್‌ಎ ಸುತ್ತಿಕೊಂಡಿರುವ ಎಳೆಗೆ ಕ್ರೋಮೋಸೋಮ್ ಅನ್ನುತ್ತಾರೆ) ಇರುವ ಒಂದು ತುಣುಕು ಕೋವಿಡ್ ಉಲ್ಬಣಿಸುವ ಅಪಾಯ ಹೆಚ್ಚಿಸುತ್ತದೆ, ಅದು ನಿಯಾಂಡರ್ತಲರಿಂದ ಬಂದದ್ದು, ಅದನ್ನು ಹೊತ್ತವರು ಯುರೋಪಿನಲ್ಲಿ ನೂರಕ್ಕೆ 16, ನಮ್ಮ ದಕ್ಷಿಣ ಏಷ್ಯಾದಲ್ಲಿ ನೂರಕ್ಕೆ 50 ಅಂತ. ಆದರೆ ಇದನ್ನೇ ಹಿಡಿದು ನಮ್ಮ ಸಾವುಗಳಿಗೆಲ್ಲ ನಿಯಾಂಡರ್ತಲರೇ ಕಾರಣ ಅನ್ನುವುದು ಸರಿಯಲ್ಲ. ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಮತ್ತು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವಿಜ್ಞಾನಿಗಳು 2021ರಲ್ಲಿ ಲೆಕ್ಕ ಹಾಕಿದಾಗ, ದಕ್ಷಿಣ ಏಷ್ಯಾದಲ್ಲಿ ಆ ತುಣುಕಿಗೂ ಕಾಯಿಲೆಯ ತೀವ್ರತೆಗೂ ನಂಟು ಕಾಣಲಿಲ್ಲ. ಅದೇ ವರ್ಷ ಹನ್ನೆರಡನೇ ಕ್ರೋಮೋಸೋಮಿನಲ್ಲಿ ಇನ್ನೊಂದು ನಿಯಾಂಡರ್ತಲ್ ತುಣುಕು ಸಿಕ್ಕಿತು. ಅದು ಕೋವಿಡ್‌ನಿಂದ ಒಂದಿಷ್ಟು ಕಾಪಾಡುತ್ತದೆ. ವಾರ್ಡಿನಲ್ಲಿ ಕಂಡದ್ದನ್ನು ಹೇಳುವುದಾದರೆ ವಯಸ್ಸು, ಸಕ್ಕರೆ ಕಾಯಿಲೆ, ಸಮಯಕ್ಕೆ ಸಿಗದ ಆಮ್ಲಜನಕ, ಇವು ಕೊಂದಿದ್ದೇ ಜಾಸ್ತಿ.

ನನ್ನ ಕಸುಬಿಗೆ ನೇರ ತಾಗುವ ಇನ್ನೊಂದು. ಅಂಗೈ ಒಳಗಿನ ಪದರ ಗಟ್ಟಿಯಾಗಿ ಉಂಗುರದ ಬೆರಳು, ಕಿರುಬೆರಳು ಮಡಚಿಕೊಂಡೇ ಉಳಿಯುವ ಕಾಯಿಲೆ ಇದೆ. ಡ್ಯುಪ್ಯುಟ್ರೆನ್ ಅಂತ ಹೆಸರು. ಉತ್ತರ ಯುರೋಪಿನ ವಯಸ್ಸಾದ ಗಂಡಸರಲ್ಲಿ ಬಹಳ, ಆಫ್ರಿಕಾ ಮೂಲದವರಲ್ಲಿ ತೀರಾ ಅಪರೂಪ. ಅದಕ್ಕೆ ಕಾರಣವಾಗುವ ಕೆಲವು ಮುಖ್ಯ ತುಣುಕುಗಳು ನಿಯಾಂಡರ್ತಲರಿಂದ ಬಂದವು ಅಂತ 2023ರಲ್ಲಿ ತಿಳಿಯಿತು. ಅಂಥ ಕೈ ಹಿಡಿದು ಬೆರಳು ಬಿಡಿಸುವಾಗಲೆಲ್ಲ ಈಗ ಅದು ನೆನಪಾಗುತ್ತದೆ.

ಸಂಪಾದಕರೇ, ನನ್ನದು ಎರಡು ಕೋರಿಕೆ. ಆ 2025ರ ಅಧ್ಯಯನದ ಬಗ್ಗೆ ದೊಡ್ಡವರ ಪುರವಣಿಯಲ್ಲೇ ಒಂದು ಪೂರ್ತಿ ಪುಟದ ಲೇಖನ ಬರೆಸಿ. ನಮ್ಮ ಮೈಯೊಳಗಿನ ಸುದ್ದಿ ನಮ್ಮ ಭಾಷೆಯಲ್ಲಿ ನಮಗೆ ಸಿಗಬೇಕು. ಮತ್ತು ಮಕ್ಕಳ ಪುಟದಲ್ಲಿ ತಿದ್ದುಪಡಿ ಹಾಕಿ, ಮೂಲೆಯಲ್ಲಿ ಎರಡು ಸಾಲು ಸಾಲದು, ಚಿತ್ರವನ್ನೇ ಹೊಸದಾಗಿ ಬರೆಸಿ. ಸಾಲು ಬೇಡ, ಕವಲು ಇರಲಿ, ಕವಲುಗಳು ಮತ್ತೆ ಕೂಡುವುದೂ ಕಾಣಲಿ. ನಿಯಾಂಡರ್ತಲ್ ನಮಗಿಂತ ಸ್ವಲ್ಪ ಗಿಡ್ಡ, ಗಟ್ಟಿ ಮೈ. ಎದೆಗೂಡು ಕೆಳಗೆ ಅಗಲ. ಮುಂಗೈ ಮತ್ತು ಮೊಣಕಾಲ ಕೆಳಗಿನ ಭಾಗ ತುಸು ಚಿಕ್ಕವು. ಹುಬ್ಬಿನ ಮೂಳೆ ಮುಂದೆ ಚಾಚಿದೆ, ಮೂಗು ದೊಡ್ಡದು, ಗದ್ದದ ತುದಿ ಇಲ್ಲ. ಶಾನಿದಾರ್‌ನಲ್ಲಿ 2018ರಲ್ಲಿ ಸಿಕ್ಕಿದ ಒಬ್ಬ ಹೆಂಗಸಿನ ತಲೆಬುರುಡೆಯ 200ಕ್ಕೂ ಹೆಚ್ಚು ಚೂರು ಜೋಡಿಸಿ ಅವಳ ಮುಖ ಮಾಡಿದ್ದಾರೆ, ಕಲಾವಿದರು ಅದನ್ನು ನೋಡಿಕೊಂಡು ಬರೆಯಬಹುದು. ಬೆನ್ನು ಸೊಂಟದ ಬಗ್ಗೆ ಸಂದೇಹ ಬಂದರೆ ನನಗೆ ಹೇಳಿ ಕಳಿಸಿ. ಕ್ಲಿನಿಕ್ಕಿನಲ್ಲಿ ಬೆನ್ನುಮೂಳೆಯ ಮಾದರಿ ಇದೆ, ಸಂಜೆ ಅದನ್ನು ನಿಮ್ಮ ದಾವಣಗೆರೆ ಕಚೇರಿಗೆ ತಂದು ಮಣಿ ಮಣಿ ತೋರಿಸಿ ವಿವರಿಸುತ್ತೇನೆ.

ಇತಿ,
ಒಬ್ಬ ಫಿಸಿಯೋಥೆರಪಿಸ್ಟ್
ದಾವಣಗೆರೆ